ಅಪ್ಪನ ಕೈ ಹಿಡಿತ 25 ಕೆ.ಜಿ.ಯೋ, 30 ಕೆ.ಜಿ.ಯೋ? ಫಿಸಿಯೋಥೆರಪಿಸ್ಟ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ದಾವಣಗೆರೆಯ ಸದಸ್ಯರು): ನಮಸ್ಕಾರ ಮೇಡಂ. ಅಪ್ಪನಿಗೆ 72 ವರ್ಷ. ಹೋದ ತಿಂಗಳು ಕ್ಲಿನಿಕ್‌ನಲ್ಲಿ ಕೈ ಹಿಡಿತದ ಬಲ ನೋಡಿದರು. ಬಲಗೈ 25 ಕೆ.ಜಿ. ಬಂತು. "ಕಡಿಮೆ ಇದೆ, ಸ್ನಾಯು ಕರಗುತ್ತಿರಬಹುದು" ಅಂದರು. ಗಾಬರಿಯಾಗಿ ಆನ್‌ಲೈನ್‌ನಲ್ಲಿ ಒಂದು ಡಿಜಿಟಲ್ ಮೀಟರ್ ತರಿಸಿದೆ. ಮನೆಯಲ್ಲಿ ನಿಂತುಕೊಂಡು ಒತ್ತಿದರು, 30 ಬಂತು. ಮಾರನೇ ದಿನ 27. ಇದರಲ್ಲಿ ಯಾವುದನ್ನು ನಂಬುವುದು?

ಉತ್ತರ: ನಮಸ್ಕಾರ ಸರ್. ಮೂರರಲ್ಲಿ ಯಾವುದೂ ಸುಳ್ಳಾಗಿರಬೇಕಿಲ್ಲ. ಆದರೆ ಕ್ಲಿನಿಕ್ಕಿನ ಅಂಕೆಯನ್ನೂ ಮನೆಯ ಅಂಕೆಯನ್ನೂ ಅಕ್ಕಪಕ್ಕ ಇಟ್ಟು ನೋಡುವ ಹಾಗಿಲ್ಲ. ಯಂತ್ರ ಬೇರೆ, ಒಂದು ಕಡೆ ಕೂತಿದ್ದಾರೆ, ಇನ್ನೊಂದು ಕಡೆ ನಿಂತಿದ್ದಾರೆ, ಬಹುಶಃ ಹಿಡಿಕೆಯ ಅಗಲವೂ ಬೇರೆ. ಇವುಗಳಲ್ಲಿ ಒಂದು ಬದಲಾದರೂ ಕೆ.ಜಿ. ಬದಲಾಗುತ್ತದೆ.

ಕ್ಲಿನಿಕ್‌ಗಳಲ್ಲಿ ಹೆಚ್ಚಾಗಿ ಇರುವುದು ಜಾಮರ್ ಅನ್ನುವ ಹೈಡ್ರಾಲಿಕ್ ಮೀಟರ್. ಅದರ ಹಿಡಿಕೆ ಎಷ್ಟು ಒತ್ತಿದರೂ ಕದಲಿದ ಹಾಗೇ ಅನಿಸುವುದಿಲ್ಲ. ಇನ್ನೊಂದು ಸ್ಮೆಡ್ಲಿ, ಒಳಗೆ ಸ್ಪ್ರಿಂಗ್ ಇರುವಂಥದ್ದು. ನಮ್ಮ ದೇಶದ 45 ದಾಟಿದವರ ದೊಡ್ಡ ಸಮೀಕ್ಷೆ ಲಾಸಿ ಇದೆಯಲ್ಲ, 2017-18ರ ಅದರ ಮೊದಲ ಸುತ್ತಿನಲ್ಲಿ ಬಳಸಿದ್ದು ಸ್ಮೆಡ್ಲಿಯನ್ನೇ. ಏಷ್ಯಾದ ಸಾರ್ಕೋಪೀನಿಯ ತಜ್ಞರ ಗುಂಪು 2019ರಲ್ಲಿ ಎರಡಕ್ಕೂ ಬೇರೆ ಬೇರೆ ಕ್ರಮ ಹೇಳಿದೆ. ಜಾಮರ್ ಆದರೆ ಕೂತು, ಮೊಣಕೈ 90 ಡಿಗ್ರಿ ಮಡಚಿ ಒತ್ತಬೇಕು. ಸ್ಮೆಡ್ಲಿ ಆದರೆ ನಿಂತು, ಕೈ ನೇರ ಇಳಿಬಿಟ್ಟು ಒತ್ತಬೇಕು. ಸಾರ್ಕೋಪೀನಿಯ ಅಂದರೆ ವಯಸ್ಸಿನ ಜೊತೆ ಸ್ನಾಯುವಿನ ಗಾತ್ರವೂ ಬಲವೂ ಇಳಿಯುವುದು. ಅದೇ ಗುಂಪಿನ ಪ್ರಕಾರ ಗಂಡಸರಿಗೆ 28 ಕೆ.ಜಿ.ಗಿಂತ, ಹೆಂಗಸರಿಗೆ 18 ಕೆ.ಜಿ.ಗಿಂತ ಕಡಿಮೆ ಬಂದರೆ "ಬಲ ಕಡಿಮೆ". ಯುರೋಪಿನವರ ಗೆರೆ 27 ಮತ್ತು 16. ನಿಮ್ಮ ಅಪ್ಪ ಸರಿಯಾಗಿ ಆ ಗೆರೆಯ ಆಚೀಚೆ ಇದ್ದಾರೆ. ಅಳೆಯುವ ರೀತಿ ಮುಖ್ಯವಾಗುವುದು ಇಂಥವರಲ್ಲೇ. 40 ಕೆ.ಜಿ. ಒತ್ತುವವರನ್ನು ಹೇಗೆ ಅಳೆದರೂ ತೀರ್ಮಾನ ಬದಲಾಗುವುದಿಲ್ಲ.

ಮನೆಯಲ್ಲಿ ಒಂದು ದಿನ ಕ್ರಮವಾಗಿ, ಕ್ಲಿನಿಕ್ಕಿನ ಹಾಗೆ ಕೂತೇ ನೋಡಿ. ಅಪ್ಪ ಗಟ್ಟಿ ಕುರ್ಚಿಯಲ್ಲಿ ಬೆನ್ನು ಆನಿಸಿ ಕೂರಲಿ. ಸೋಫಾ, ಮಂಚ ಬೇಡ. ಎರಡೂ ಪಾದ ನೆಲ ಮುಟ್ಟಿರಬೇಕು. ತೋಳು ಪಕ್ಕೆಗೆ ಹತ್ತಿರ, ಮೊಣಕೈ ಮಡಚಿ, ಹೆಬ್ಬೆರಳು ಮೇಲಕ್ಕೆ. ಮಣಿಕಟ್ಟು ನೇರ ಇರಲಿ, ಸ್ವಲ್ಪ ಹಿಂದಕ್ಕೆ ಬಾಗಿದ್ದರೂ ಪರವಾಗಿಲ್ಲ. ಒಳಕ್ಕೆ ಮಾತ್ರ ಬಾಗಬಾರದು. ಮಣಿಕಟ್ಟು ಒಳಕ್ಕೆ ಬಾಗಿದರೆ ಬೆರಳಿನ ಬಲ ತಟ್ಟನೆ ಇಳಿಯುತ್ತದೆ, ಖಾಲಿ ಕೈಯಲ್ಲಿ ನೀವೇ ಮುಷ್ಟಿ ಹಿಡಿದು ನೋಡಿ, ಗೊತ್ತಾಗುತ್ತದೆ. ಉಂಗುರ, ವಾಚು ತೆಗೆಸಿ.

ಹಿಡಿಕೆಯ ಅಗಲ ನಿಮ್ಮ ಮೀಟರ್‌ನಲ್ಲಿ ತಿರುಗಿಸಿ ಹೊಂದಿಸುವಂತಿರಬೇಕು. ಹಿಡಿದಾಗ ಬೆರಳುಗಳ ನಡುವಿನ ಗೆಣ್ಣು ಸುಮಾರು 90 ಡಿಗ್ರಿ ಮಡಚಿಕೊಳ್ಳಬೇಕು. ಒಮ್ಮೆ ಹೊಂದಿಸಿದ ಮೇಲೆ ಆ ಗುರುತು ಬರೆದಿಟ್ಟುಕೊಳ್ಳಿ, ಮುಂದೆ ಪ್ರತಿ ಸಲ ಅದೇ. ಜಾಮರ್‌ನಲ್ಲಿ ಐದು ಸ್ಥಾನ ಇವೆ. ಎಲ್ಲ ಕಡೆ ಎರಡನೆಯದನ್ನೇ ಬಳಸುತ್ತಾರೆ.

ಒಮ್ಮೆ ಹಗುರವಾಗಿ ಒತ್ತಿಸಿ ಅಭ್ಯಾಸ ಮಾಡಿಸಿ. ಆಮೇಲೆ ಬಲಗೈ, ಎಡಗೈ, ಮತ್ತೆ ಬಲ, ಎಡ. ಹೀಗೆ ಒಂದೊಂದು ಕೈಗೆ ಮೂರು ಸಲ. ಕೈ ಬದಲಾಯಿಸುವುದರಿಂದ ಇನ್ನೊಂದಕ್ಕೆ ವಿಶ್ರಾಂತಿ ಸಿಗುತ್ತದೆ. ನಡುವೆ ಅರ್ಧ ನಿಮಿಷವಾದರೂ ಬಿಡಿ. ಆರರಲ್ಲಿ ಎಲ್ಲಕ್ಕಿಂತ ಜಾಸ್ತಿ ಬಂದದ್ದನ್ನು ತೆಗೆದುಕೊಳ್ಳಿ. ಕೆಲವು ಕಡೆ ಮೂರರ ಸರಾಸರಿ ತೆಗೆಯುತ್ತಾರೆ, ಅದೂ ಒಪ್ಪಿತ ಕ್ರಮವೇ. ಆದರೆ ಈ ತಿಂಗಳು ಸರಾಸರಿ, ಮುಂದಿನ ತಿಂಗಳು ಗರಿಷ್ಠ ಅಂತ ಬೆರೆಸಬೇಡಿ.

ಅದೇ ಸದಸ್ಯರು: ಸರಿ ಮೇಡಂ, ಹಾಗೇ ಮಾಡುತ್ತೇನೆ. ಆದರೆ 30 ಇದ್ದದ್ದು ಒಂದೇ ದಿನದಲ್ಲಿ 27 ಆಗಿದ್ದು ಯಾಕೆ?

ಉತ್ತರ: ಅಷ್ಟು ಏರಿಳಿತ ಹಿರಿಯರಲ್ಲಿ ಮಾಮೂಲು. ನಿದ್ದೆ, ಊಟದ ಹೊತ್ತು, ಬೆಳಗ್ಗೆಯ ಬಿಗಿತ, ಮನಸ್ಸಿಲ್ಲದಿರುವುದು, ಎಲ್ಲವೂ ಸೇರುತ್ತವೆ. ಸುಮಾರು 5ರಿಂದ 6.5 ಕೆ.ಜಿ. ಬದಲಾದರೆ ಮಾತ್ರ ಅದನ್ನು ನಿಜವಾದ ಬದಲಾವಣೆ ಅಂತ ಪರಿಗಣಿಸುವುದು ವಾಡಿಕೆ. ದಯವಿಟ್ಟು ದಿನಾ ಅಳೆಯಬೇಡಿ ಸರ್. ಅಪ್ಪನಿಗೂ ಬೇಜಾರು, ನಿಮಗೂ ಸುಮ್ನೆ ಆತಂಕ. ಮೂರು ತಿಂಗಳಿಗೊಮ್ಮೆ, ದಿನದ ಅದೇ ಹೊತ್ತಿಗೆ, ಅದೇ ಕುರ್ಚಿಯಲ್ಲಿ ನೋಡಿದರೆ ಸಾಕು.

ಇನ್ನೊಂದು ಮಾತು. ಹಿಡಿತ ಒಂದನ್ನೇ ನೋಡಿ ಸ್ನಾಯು ಕರಗಿದೆ ಅಂತ ತೀರ್ಮಾನಿಸಬಾರದು. ಕೈ ಎದೆಯ ಮೇಲೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಲು ಹೇಳಿ, ಪಕ್ಕದಲ್ಲಿ ನೀವು ನಿಂತಿರಿ. 12 ಸೆಕೆಂಡು ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಡಾಕ್ಟರಿಗೆ ತಿಳಿಸಿ. ಟೇಪ್ ಇದ್ದರೆ ಮೀನಖಂಡದ ದಪ್ಪ ಭಾಗದ ಸುತ್ತಳತೆಯನ್ನೂ ನೋಡಿ. ಗಂಡಸರಿಗೆ 34 ಸೆಂ.ಮೀ.ಗಿಂತ, ಹೆಂಗಸರಿಗೆ 33 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಗಮನ ಕೊಡಬೇಕು.

ಪ್ರಶ್ನೆ (ಕುಮಟಾದಿಂದ): ಅಕ್ಕ, ನಮ್ಮ ಆಯಿಗೆ 79 ವರ್ಷ. ಜಾಮರ್‌ನಲ್ಲೇ ನೋಡಿದ್ದು, 46 ಬಂತು ಅಂತ ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ನೀವು ಹೇಳುವ 18ರ ಲೆಕ್ಕದಲ್ಲಿ ಇದು ತುಂಬಾ ಚೆನ್ನಾಗಿದೆ ಅಲ್ವಾ?

ಉತ್ತರ: ಅದು ಬಹುತೇಕ ಪೌಂಡ್ ಇರಬೇಕು ತಂಗಿ. ಜಾಮರ್‌ನ ಮುಖದ ಮೇಲೆ ಕೆ.ಜಿ., ಪೌಂಡ್ ಎರಡು ವೃತ್ತ ಇರುತ್ತವೆ. 46 ಪೌಂಡ್ ಅಂದರೆ ಸುಮಾರು 21 ಕೆ.ಜಿ. ಆ ವಯಸ್ಸಿಗೆ ಅದೂ ಒಳ್ಳೆಯದೇ, ಗೆರೆಯ ಮೇಲೇ ಇದ್ದಾರೆ. ಆದರೆ ಚೀಟಿ ಬರೆದವರನ್ನು ಒಮ್ಮೆ ಕೇಳಿ ಖಚಿತ ಮಾಡಿಕೊಳ್ಳಿ. ಡಿಜಿಟಲ್ ಮೀಟರ್ ಇರುವವರೂ ತೆರೆಯ ಮೇಲೆ ಯಾವ ಅಕ್ಷರ ಇದೆ ಅಂತ ನೋಡಿಕೊಳ್ಳಿ. ಒಂದು ಗುಂಡಿ ಒತ್ತಿದರೆ ಅಳತೆ ಬದಲಾಗಿಬಿಡುತ್ತದೆ.

ಪ್ರಶ್ನೆ (ಹಾಸನ ಜಿಲ್ಲೆಯ ಒಬ್ಬ ನರ್ಸ್): ಮೇಡಂ, ಊರಿನಲ್ಲಿ ಹಿರಿಯರಿಗೆ ಒಂದು ಶಿಬಿರ ಮಾಡುತ್ತಿದ್ದೇವೆ. ಮೀಟರ್ ಒಂದೇ ಇದೆ, ಅಳೆಯುವವರು ಮೂವರು. ಹೇಗೆ ಮಾಡಿದರೆ ಅಂಕೆಗಳು ನಂಬುವ ಹಾಗೆ ಬರುತ್ತವೆ?

ಉತ್ತರ: ಈ ಪ್ರಶ್ನೆ ಕೇಳಿದ್ದು ತುಂಬಾ ಸಂತೋಷ. ಶಿಬಿರಗಳಲ್ಲಿ ಅವಸರಕ್ಕೆ ಮೊದಲು ಕೆಡುವುದೇ ಇದು. ಸಾಧ್ಯವಾದರೆ ಮೂವರಲ್ಲಿ ಒಬ್ಬರೇ ಇಡೀ ದಿನ ಅಳೆಯಲಿ. ಆಗದಿದ್ದರೆ ಹಿಂದಿನ ದಿನವೇ ಮೂವರೂ ಒಬ್ಬರನ್ನೊಬ್ಬರು ಅಳೆದು ಅಭ್ಯಾಸ ಮಾಡಿ. ಮೀಟರ್ ಕೊನೆಯ ಸಲ ಯಾವಾಗ ಕ್ಯಾಲಿಬ್ರೇಷನ್ (ಅಂಕೆ ಸರಿಯಾಗಿ ತೋರಿಸುತ್ತಿದೆಯೇ ಅನ್ನುವ ಪರಿಶೀಲನೆ) ಆಗಿದೆ ನೋಡಿ, ವರ್ಷಕ್ಕೊಮ್ಮೆಯಾದರೂ ಆಗಿರಬೇಕು. ಕೆಳಗೆ ಬಿದ್ದಿದ್ದರೆ ಮತ್ತೆ ಮಾಡಿಸಿಯೇ ಬಳಸಿ. ಅದಕ್ಕೇ ಮಣಿಕಟ್ಟಿಗೆ ಹಾಕುವ ದಾರ ಕೊಟ್ಟಿರುತ್ತಾರೆ. ಶಿಬಿರದ ದಿನ ಬೆಳಗ್ಗೆ ಮತ್ತು ಊಟದ ಮೇಲೆ ನೀವೇ ಒಂದು ಸಲ ಒತ್ತಿ ನೋಡಿ. ನಿಮ್ಮದೇ ಅಂಕೆ ತೀರಾ ಬದಲಾಗಿದ್ದರೆ ಯಂತ್ರದ ಮೇಲೆ ಅನುಮಾನ ಪಡಿ.

ಒತ್ತಿ ಬಿಟ್ಟ ಮೇಲೂ ಗರಿಷ್ಠ ಅಂಕೆಯಲ್ಲೇ ನಿಲ್ಲುವ ಕೆಂಪು ಮುಳ್ಳನ್ನು ಪ್ರತಿ ಒತ್ತಿಗೂ ಮೊದಲು ಸೊನ್ನೆಗೆ ತನ್ನಿ. ಇದನ್ನು ಬಿಟ್ಟರೆ ಹಿಂದಿನ ಅಜ್ಜನ ಅಂಕೆ ಮುಂದಿನ ಅಜ್ಜಿಗೆ ಹೋಗುತ್ತದೆ. ಮುಳ್ಳನ್ನು ಕಣ್ಣಿನ ನೇರಕ್ಕೆ ಇಟ್ಟು ಓದಿ. ಜಾಮರ್ ತಕ್ಕಮಟ್ಟಿಗೆ ಭಾರ. ನಡುಗುವ ಕೈಯವರಿದ್ದರೆ ಕೆಳಗಿನಿಂದ ನಿಮ್ಮ ಅಂಗೈ ಕೊಟ್ಟು ಭಾರವನ್ನಷ್ಟೇ ಹೊರಿ, ಅವರ ಒತ್ತಡಕ್ಕೆ ಎದುರು ಒತ್ತಬೇಡಿ.

ಮಾತು ಎಲ್ಲರಿಗೂ ಒಂದೇ ಇರಲಿ, ದನಿಯೂ ಒಂದೇ ಇರಲಿ. "ಒತ್ತಿ, ಒತ್ತಿ, ಇನ್ನೂ ಜೋರಾಗಿ, ಸಾಕು, ಬಿಡಿ." ಮೂರರಿಂದ ಐದು ಸೆಕೆಂಡು. ಒಬ್ಬರಿಗೆ ಹುರಿದುಂಬಿಸಿ, ಇನ್ನೊಬ್ಬರ ಹತ್ತಿರ ಸುಮ್ಮನೆ ನಿಂತರೆ ಅಂಕೆ ಬೇರೆ ಬರುತ್ತದೆ. ಕಿವಿ ಕೇಳದವರಿಗೆ ಎದುರು ಕೂತು ನೀವೇ ಒತ್ತಿ ತೋರಿಸಿ. ಮರೆವಿನ ಕಾಯಿಲೆ ಇರುವವರಿಗೆ ಮೊದಲು ನಿಮ್ಮ ಎರಡು ಬೆರಳು ಕೊಟ್ಟು ಒತ್ತಲು ಹೇಳಿ, ಅರ್ಥವಾದ ಮೇಲೆ ಮೀಟರ್ ಕೊಡಿ. ಉಸಿರು ಬಿಗಿಹಿಡಿಯಬಾರದು ಅಂತ ಪ್ರತಿಯೊಬ್ಬರಿಗೂ ಹೇಳಿ, ಬಿಪಿ ಇರುವವರಿಗಂತೂ ತಪ್ಪದೇ ಹೇಳಿ.

ಕೈಗೆ ಇತ್ತೀಚೆಗೆ ಆಪರೇಷನ್ ಆಗಿದ್ದರೆ, ಮೂಳೆ ಮುರಿದಿದ್ದರೆ, ಊತ ಇದ್ದರೆ ಆ ಕೈ ಬಿಟ್ಟುಬಿಡಿ. ಹಾಳೆಯಲ್ಲಿ ಅಂಕೆಯ ಜೊತೆಗೆ ಕೈ ಯಾವುದು, ಬರೆಯುವ ಅಥವಾ ಕತ್ತಿ ಹಿಡಿಯುವ ಕೈ ಯಾವುದು, ಹಿಡಿಕೆ ಸ್ಥಾನ, ನೋವು ಇತ್ತೇ, ಇಷ್ಟನ್ನೂ ಬರೆಯಿರಿ. ಒತ್ತಲು ಆಗದವರಿಗೆ ಸೊನ್ನೆ ಹಾಕಬೇಡಿ, "ಅಳೆದಿಲ್ಲ, ಕಾರಣ ಇದು" ಅಂತ ಬರೆಯಿರಿ.

ಹೋಲಿಸಲು ಅಮೆರಿಕದ ಪಟ್ಟಿ ಇಟ್ಟುಕೊಳ್ಳಬೇಡಿ. ಪ್ಯೂರ್ ಅನ್ನುವ ಬಹುದೇಶಗಳ ಅಧ್ಯಯನದಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯೂ ಇತ್ತು. ದಕ್ಷಿಣ ಏಷ್ಯಾದವರ ಹಿಡಿತ ಯುರೋಪ್, ಉತ್ತರ ಅಮೆರಿಕದವರಿಗಿಂತ ಕಡಿಮೆ ಅಂತ ಅದರಲ್ಲಿ ಕಂಡುಬಂತು. 2015ರಲ್ಲಿ ಬಂದ ಅದರ ವರದಿಯಲ್ಲಿ, 17 ದೇಶಗಳ ಸುಮಾರು 1.4 ಲಕ್ಷ ಜನರ ಪೈಕಿ, ಹಿಡಿತ 5 ಕೆ.ಜಿ. ಕಡಿಮೆ ಇದ್ದಾಗ ಸಾವಿನ ಅಪಾಯ 16% ಜಾಸ್ತಿ ಇತ್ತು. ಅದಕ್ಕೇ ಈ ಚಿಕ್ಕ ಪರೀಕ್ಷೆಗೆ ಇಷ್ಟು ಬೆಲೆ.

ಪ್ರಶ್ನೆ (ಮೈಸೂರಿನಿಂದ): ಅತ್ತೆಗೆ ಸಂಧಿವಾತ. ಬೆರಳು ಸೊಟ್ಟಗಾಗಿವೆ, ಕಬ್ಬಿಣದ ಹಿಡಿಕೆ ಮುಟ್ಟಿದರೇ ನೋವು ಅನ್ನುತ್ತಾರೆ.

ಉತ್ತರ: ಅವರಿಗೆ ರಬ್ಬರ್ ಬುರುಡೆ ಒತ್ತುವ ಮೀಟರ್ ಹಿತ. ಅದು ಒತ್ತಡವನ್ನು ಅಳೆಯುತ್ತದೆ, ಕೆ.ಜಿ. ಅಲ್ಲ. ಹಾಗಾಗಿ 18ರ ಗೆರೆಗೆ ಹೋಲಿಸಲು ಬರುವುದಿಲ್ಲ. ಅವರದೇ ಹಿಂದಿನ ಅಳತೆಯ ಜೊತೆ ನೋಡಬೇಕು. ಅದು ಸಿಗದಿದ್ದರೆ ಹಿಡಿತ ಬಿಟ್ಟು, ಕುರ್ಚಿಯಿಂದ ಎದ್ದು ಕೂರುವ ಪರೀಕ್ಷೆ ಮಾಡಿಸಿ. ನೋವಿನಿಂದ ಕಡಿಮೆ ಬಂದ ಅಂಕೆ ಸ್ನಾಯುವಿನ ಬಗ್ಗೆ ಏನೂ ಹೇಳುವುದಿಲ್ಲ.

ಪ್ರಶ್ನೆ (ಬಳ್ಳಾರಿಯಿಂದ): ನಮ್ಮ ಮಾವನಿಗೆ ಡಯಾಲಿಸಿಸ್ ನಡೆಯುತ್ತಿದೆ. ಎಡಗೈಯಲ್ಲಿ ಫಿಸ್ಟುಲಾ (ಡಯಾಲಿಸಿಸ್‌ಗಾಗಿ ರಕ್ತನಾಳ ಜೋಡಿಸಿದ್ದು) ಇದೆ. ನೋಡಬಹುದಾ?

ಉತ್ತರ: ಬಲಗೈ ಮಾತ್ರ ನೋಡಿ. ಡಯಾಲಿಸಿಸ್‌ಗೆ ಮುಂಚೆಯೋ ಆಮೇಲೋ ಒಂದನ್ನು ನಿಗದಿ ಮಾಡಿಕೊಂಡು ಪ್ರತಿ ಸಲ ಹಾಗೇ ಮಾಡಿ.

ಪ್ರಶ್ನೆ (ಶಿವಮೊಗ್ಗದಿಂದ): ಅಂಕೆ ಕಡಿಮೆ ಬಂದ ಮೇಲೆ ಅಮ್ಮ ದಿನಾ ಸ್ಪಂಜಿನ ಚೆಂಡು ಒತ್ತುತ್ತಿದ್ದಾರೆ. ಇದರಿಂದ ಸರಿಹೋಗುತ್ತಾ?

ಉತ್ತರ: ಚೆಂಡು ಒತ್ತಿದರೆ ಬೆರಳಿಗೆ ಒಳ್ಳೆಯದು, ಮೀಟರ್ ಒಂದೆರಡು ಕೆ.ಜಿ. ಜಾಸ್ತಿ ತೋರಿಸಲೂಬಹುದು. ಆದರೆ ನಾವು ಹಿಡಿತ ನೋಡುವುದು ಇಡೀ ಮೈಯ ಸ್ನಾಯು ಹೇಗಿದೆ ಅಂತ ತಿಳಿಯಲು. ಅಮ್ಮ ಬೀಳದೆ ಓಡಾಡಬೇಕಾದರೆ ಬೇಕಾದದ್ದು ತೊಡೆ, ಸೊಂಟದ ಬಲ. ಚೆಂಡಿನ ಜೊತೆಗೆ ಕುರ್ಚಿಯಿಂದ ಎದ್ದು ಕೂರುವುದನ್ನು ದಿನಕ್ಕೆ ಎರಡು ಹೊತ್ತು ಶುರು ಮಾಡಿಸಿ, ಮೊದಲು ಕೈ ಊರಿಕೊಂಡೇ ಆಗಲಿ. ಊಟದಲ್ಲಿ ಬೇಳೆ, ಕಾಳು, ಮೊಸರು, ತಿನ್ನುವವರಾದರೆ ಮೊಟ್ಟೆ ಮೀನು ಎಷ್ಟು ಹೋಗುತ್ತಿದೆ ನೋಡಿ. ಕಿಡ್ನಿ ತೊಂದರೆ ಇದ್ದರೆ ಇಂಥ ಆಹಾರ ಹೆಚ್ಚಿಸುವ ಮೊದಲು ಡಾಕ್ಟರನ್ನು ಕೇಳಿ. ಮೂರು ತಿಂಗಳ ಮೇಲೆ ಮತ್ತೆ ಅಳೆಯುವಾಗ ಹಿಡಿತದ ಜೊತೆ, ಕುರ್ಚಿಯಿಂದ ಐದು ಸಲ ಎದ್ದು ಕೂರಲು ಹಿಡಿದ ಸೆಕೆಂಡುಗಳನ್ನೂ ಬರೆದು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.