ವೇಲ್ಸ್‌ನ ಪ್ರಾಪ್ ಆಡಮ್ ಜೋನ್ಸ್: ಈತನ ದೊಡ್ಡತನ ಎಲ್ಲಿದೆ?

ಪ್ರಶ್ನೆ (ಕಲಬುರಗಿ):
ಸಂಜೆ ಚಂದ್ರಶೇಖರ ಪಾಟೀಲ ಕ್ರೀಡಾಂಗಣಕ್ಕೆ ಬರುವ ನಮ್ಮ ಗುಂಪಿನಲ್ಲಿ ಕುಸ್ತಿ, ಕಬಡ್ಡಿ ಬಲ್ಲವರೇ ಹೆಚ್ಚು. ರಗ್ಬಿಯನ್ನು ನಾವು ಮೊಬೈಲಿನಲ್ಲಷ್ಟೇ ನೋಡುತ್ತೇವೆ. ಹಳೆಯ ಪಂದ್ಯಗಳಲ್ಲಿ ಉದ್ದ ಗುಂಗುರು ಕೂದಲಿನ ಆಡಮ್ ಜೋನ್ಸ್ ಮತ್ತೆ ಮತ್ತೆ ಕಾಣುತ್ತಾರೆ. ಅವರಿಗೆ ವೇಗವಿಲ್ಲ, ಚೆಂಡು ಕೈಗೆ ಸಿಗುವುದೂ ಅಪರೂಪ. ಆರಂಭದ ವರ್ಷಗಳಲ್ಲಿ ತರಬೇತುದಾರ ಸ್ಟೀವ್ ಹ್ಯಾನ್ಸನ್ ಅರ್ಧ ಗಂಟೆಯೊಳಗೇ ಅವರನ್ನು ಹೊರಗೆ ಕರೆಸುತ್ತಿದ್ದರೆಂದೂ ಓದಿದ್ದೇನೆ. ಅಂಥವರು ವೇಲ್ಸ್ ಪರ 95 ಪಂದ್ಯ ಆಡಿದ್ದು ಹೇಗೆ?

ಉತ್ತರ 1 (ಬೀದರ್):
ಚೆಂಡಿನ ಹಿಂದೆ ಕಣ್ಣು ಹಾಯಿಸಿದರೆ ಪ್ರಾಪ್ ಆಟಗಾರನ ಕೆಲಸ ಕಾಣುವುದಿಲ್ಲ, ಸ್ಕ್ರಮ್ ನೋಡಬೇಕು. ಸ್ಕ್ರಮ್ ಎಂದರೆ ಎರಡೂ ತಂಡಗಳ ಎಂಟೆಂಟು ಮಂದಿ ತಲೆ ಬಾಗಿಸಿ ಒಬ್ಬರನ್ನೊಬ್ಬರು ತಳ್ಳುವುದು; ಮುಂದಿನ ಸಾಲಿನ ಮೂವರಲ್ಲಿ ನಡುವಿನವನು ಹುಕರ್, ಎಡಬದಿಯವನು ಲೂಸ್‌ಹೆಡ್ ಪ್ರಾಪ್, ಬಲಬದಿಯವನು ಟೈಟ್‌ಹೆಡ್ ಪ್ರಾಪ್. ಜೋನ್ಸ್ ಟೈಟ್‌ಹೆಡ್. ಮೂರನೆಯ ಸಂಖ್ಯೆಯ ಅಂಗಿ ತೊಡುವ ಟೈಟ್‌ಹೆಡ್ ಪ್ರಾಪ್‌ನ ತಲೆ ಎದುರಾಳಿ ತಂಡದ ಹುಕರ್ ಮತ್ತು ಲೂಸ್‌ಹೆಡ್ ಇಬ್ಬರ ನಡುವೆ ಸಿಕ್ಕಿರುತ್ತದೆ. ಆದ್ದರಿಂದ ಆತನ ಎರಡೂ ಭುಜಗಳ ಮೇಲೆ ಒತ್ತಡ ಬೀಳುತ್ತದೆ, ಬೆನ್ನು ಕೊಂಚ ಡೊಂಕಾದರೂ ಹಿಂದಿನ ಐವರ ಬಲ ವ್ಯರ್ಥವಾಗುತ್ತದೆ.

2009ರಲ್ಲಿ ಬ್ರಿಟಿಷ್ ಮತ್ತು ಐರಿಷ್ ಲಯನ್ಸ್ (ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್‌ಗಳ ಆಯ್ದ ಆಟಗಾರರ) ತಂಡ ದಕ್ಷಿಣ ಆಫ್ರಿಕಾಕ್ಕೆ ಹೋದಾಗ, ಡರ್ಬನ್‌ನ ಮೊದಲ ಟೆಸ್ಟ್‌ನಲ್ಲಿ ಲಯನ್ಸ್‌ನ ಟೈಟ್‌ಹೆಡ್ ಫಿಲ್ ವಿಕರಿಯನ್ನು ದಕ್ಷಿಣ ಆಫ್ರಿಕಾದ ಲೂಸ್‌ಹೆಡ್ ಟೆಂಡೈ ಮ್ಟಾವರಿರಾ ಸ್ಕ್ರಮ್‌ನಲ್ಲಿ ಅಕ್ಷರಶಃ ಮೇಲೆತ್ತಿಬಿಟ್ಟರು. ವಿಕರಿಯ ಬದಲಿಗೆ ಜೋನ್ಸ್ ಬಂದ ಮೇಲೆ ಆ ಕಾಟ ನಿಂತಿತು. ಪ್ರಿಟೋರಿಯಾದ ಎರಡನೆಯ ಟೆಸ್ಟ್‌ಗೆ ಅವರೇ ಆರಂಭಿಕ ಆಟಗಾರರಾದರು, ಲಯನ್ಸ್ ಮುನ್ನಡೆಯನ್ನೂ ಸಾಧಿಸಿತು. ದ್ವಿತೀಯಾರ್ಧ ಶುರುವಾದ ಸ್ವಲ್ಪ ಹೊತ್ತಿಗೇ ಎದುರಾಳಿ ಬಾಕೀಸ್ ಬೋಥಾ ಬಡಿದ ರಭಸಕ್ಕೆ ಜೋನ್ಸ್ ಅವರ ಭುಜದ ಕೀಲು ತಪ್ಪಿತು. ಇನ್ನೊಂದು ಬದಿಯ ಪ್ರಾಪ್ ಗೆಥಿನ್ ಜೆಂಕಿನ್ಸ್ ಕೂಡ ಮುಖದ ಮೂಳೆ ಮುರಿದುಕೊಂಡು ಹೊರನಡೆದರು. ಆಮೇಲಿನ ಸ್ಕ್ರಮ್‌ಗಳಲ್ಲಿ ತಳ್ಳಾಟವೇ ಇಲ್ಲವಾಯಿತು, ಲಯನ್ಸ್‌ನ ದೊಡ್ಡ ಅಸ್ತ್ರವೇ ಹೋಯಿತು. ಕೊನೆಯ ಕ್ಷಣದಲ್ಲಿ ಮೋರ್ನೆ ಸ್ಟೇಯ್ನ್ ತಮ್ಮ ಅರ್ಧದಿಂದಲೇ ಒದ್ದ ಪೆನಾಲ್ಟಿಯಿಂದ ದಕ್ಷಿಣ ಆಫ್ರಿಕಾ 28–25ರಿಂದ ಗೆದ್ದಿತು. ಇಂಥ ಆಟಗಾರರ ಬೆಲೆಯನ್ನು ಅವರಿಲ್ಲದ ನಿಮಿಷಗಳಲ್ಲಿ ನೋಡಬೇಕೆಂಬುದು ನನ್ನ ಅಭಿಪ್ರಾಯ.

ಉತ್ತರ 2 (ಯಾದಗಿರಿ):
ಸ್ಕ್ರಮ್ ವಿಷಯದಲ್ಲಿ ತಕರಾರಿಲ್ಲ. ಆದರೆ ಹ್ಯಾನ್ಸನ್ ಅವರದು ವಿನಾಕಾರಣ ಹಟವೆಂದು ತಿಳಿಯಬಾರದು; ಆಗ ಜೋನ್ಸ್ ಅವರಿಗೆ 80 ನಿಮಿಷದ ದಮ್ಮು ನಿಜಕ್ಕೂ ಇರಲಿಲ್ಲ, ಮುಂದೆ ವಾರನ್ ಗ್ಯಾಟ್ಲ್ಯಾಂಡ್ ತರಬೇತುದಾರರಾಗಿ ಬಂದ ಮೇಲೆಯೂ ತೂಕ ಇಳಿಸಬೇಕಾಯಿತು. ಪೂರ್ಣ ಆಟಗಾರ ಯಾರೆಂದರೆ ನಾನು ಜೆಂಕಿನ್ಸ್ ಹೆಸರನ್ನೇ ಹೇಳುತ್ತೇನೆ. 2005ರಲ್ಲಿ ಐರ್ಲೆಂಡ್ ವಿರುದ್ಧ ರೊನಾನ್ ಓಗಾರಾ ಒದ್ದ ಚೆಂಡಿಗೆ ಅಡ್ಡ ಬಿದ್ದು, ಅದನ್ನು ಕಾಲಿನಿಂದಲೇ ಮುಂದಕ್ಕೆ ತಳ್ಳುತ್ತ ಓಡಿ ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಊರಿ ಪಡೆಯುವ ಅಂಕ) ಗಳಿಸಿದ ಪ್ರಾಪ್ ಅವರು! ಸಿಕ್ಸ್ ನೇಷನ್ಸ್ ಟೂರ್ನಿಯ ಎಲ್ಲ ಪಂದ್ಯಗಳನ್ನೂ ವೇಲ್ಸ್ ಗೆದ್ದ 2005, 2008, 2012ರ ಗ್ರ್ಯಾಂಡ್ ಸ್ಲಾಮ್‌ಗಳಲ್ಲಿ ಇಬ್ಬರೂ ಇದ್ದರು, ಅದೂ ನಿಜ.

ಉತ್ತರ 3 (ಕಲಬುರಗಿ):
ಪೂರ್ಣ ಆಟಗಾರ ಜೆಂಕಿನ್ಸ್ ಎಂಬುದನ್ನು ಒಪ್ಪುತ್ತೇನೆ. ಆದರೆ ಪ್ರಶ್ನೆ ಜೋನ್ಸ್ ಅವರದು. ಪ್ರಶ್ನೆ ಕೇಳಿದವರು 2013ರ ಮಾರ್ಚ್‌ನಲ್ಲಿ ಕಾರ್ಡಿಫ್‌ನಲ್ಲಿ ನಡೆದ ಪಂದ್ಯವನ್ನು ನೋಡಲಿ. ಗ್ರ್ಯಾಂಡ್ ಸ್ಲಾಮ್ ಆಸೆ ಹೊತ್ತು ಬಂದ ಇಂಗ್ಲೆಂಡನ್ನು ವೇಲ್ಸ್ 30–3ರಿಂದ ಸೋಲಿಸಿತು. ಜೋನ್ಸ್ ಎದುರಿಗಿದ್ದ ಇಂಗ್ಲೆಂಡ್‌ನ ಲೂಸ್‌ಹೆಡ್ ಜೋ ಮಾರ್ಲರ್ ಅವರ ಬದಿಯಲ್ಲಿ ಸ್ಕ್ರಮ್ ಕುಸಿದು ಪೆನಾಲ್ಟಿ ವೇಲ್ಸ್ ಪಾಲಾಯಿತು. ಅದೇ ವರ್ಷ ಆಸ್ಟ್ರೇಲಿಯಾದಲ್ಲಿ ಲಯನ್ಸ್ ಸರಣಿಯನ್ನು 2–1ರಿಂದ ಗೆದ್ದಾಗ ಮೂರೂ ಟೆಸ್ಟ್‌ಗಳನ್ನು ಜೋನ್ಸ್ ಆರಂಭಿಸಿದ್ದರು. ಬಳಿಕ ನಿಯಮ ಬದಲಾಗಿ, ಪ್ರಾಪ್‌ಗಳು ಮೊದಲೇ ಪರಸ್ಪರ ಅಂಗಿ ಹಿಡಿದುಕೊಂಡು ನಂತರ ಸೇರಬೇಕಾದ್ದರಿಂದ ಡಿಕ್ಕಿಯ ರಭಸ ತಗ್ಗಿತು, ವೇಲ್ಸ್ ತಂಡದ ಆಯ್ಕೆಯಲ್ಲಿ ಇನ್ನೊಬ್ಬ ಟೈಟ್‌ಹೆಡ್ ಸ್ಯಾಮ್ಸನ್ ಲೀ ಮುಂದೆ ಬಂದರು. 2015ರ ಜನವರಿಯಲ್ಲಿ ಜೋನ್ಸ್ ಅಂತರರಾಷ್ಟ್ರೀಯ ಆಟಕ್ಕೆ ವಿದಾಯ ಹೇಳಿದರು. ಅದೇ ವರ್ಷ ಅವರು ಸೇರಿದ ಹಾರ್ಲೆಕ್ವಿನ್ಸ್, ಮಾರ್ಲರ್ ಆಡುತ್ತಿದ್ದ ಕ್ಲಬ್ಬೇ ಆಗಿತ್ತು. ನಿವೃತ್ತಿಯ ನಂತರ ಅಲ್ಲಿಯೇ ಸ್ಕ್ರಮ್ ತರಬೇತುದಾರರೂ ಆದರು.