ಬಿಎ ಎಲ್‌ಎಲ್‌ಬಿ, ರಾಜ್ಯಶಾಸ್ತ್ರ ಮೇಜರ್: ಒಮ್ಮೆಗೇ ಐದು ವರ್ಷವೋ, ಮೂರು ಮತ್ತೆ ಮೂರೋ?

ಕುಷ್ಟಗಿಯಿಂದ:
ಎಲ್ಲರಿಗೂ ನಮಸ್ಕಾರ್ರಿ. ನನ್ನ ತಮ್ಮ ಕಲಾ ವಿಭಾಗದಲ್ಲಿ ದ್ವಿತೀಯ ಪಿಯುಸಿ ಮುಗಿಸಿದ್ದಾನೆ, ಶೇ 58. ಪೂರ್ತಿ ಕನ್ನಡ ಮಾಧ್ಯಮ. ರಾಜ್ಯಶಾಸ್ತ್ರ ಅಂದ್ರೆ ಅವನಿಗೆ ಜೀವ, ಕಾನೂನೂ ಓದಬೇಕಂತಾನೆ. ಬಿಎ, ಎಲ್‌ಎಲ್‌ಬಿ ಎರಡೂ ಸೇರಿದ ಐದು ವರ್ಷದ ಕೋರ್ಸಿಗೆ ಸೇರಿಸಿದರೆ ನಡುವೆ ಬಿಟ್ಟರೂ ಬಿಎ ಸಿಗುತ್ತದಾ? ಕನ್ನಡದಲ್ಲಿ ಬರೆಯಬಹುದಾ? ಎರಡೂ ವಿಷಯ ಒಟ್ಟಿಗೆ ಹೊರೆಯಾಗುವುದಿಲ್ಲವೇ?

ರಾಯಚೂರಿನಿಂದ:
ಮೊದಲನೇ ಪ್ರಶ್ನೆಗೆ ಉತ್ತರ: ಸಿಗುವುದಿಲ್ಲ. ಬಹಳ ಮಂದಿ ಎಡವುವುದು ಇಲ್ಲೇ. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮದ ಪ್ರಕಾರ ಈ ಜೋಡಿ ಪದವಿಯನ್ನು ಒಡೆದು ಕೊಡುವಂತಿಲ್ಲ. ಹತ್ತು ಸೆಮಿಸ್ಟರ್ ಮುಗಿಸಿದರೆ ಎರಡೂ ಕೈಗೆ ಬರುತ್ತವೆ. ಆರನೇ ಸೆಮಿಸ್ಟರ್‌ಗೆ ಬಿಟ್ಟರೆ ಪಿಯುಸಿ ಅಂಕಪಟ್ಟಿಯೇ ಗತಿ. ಬಿಎ ಮುಗಿಸಿದವರು ಇದೇ ಕೋರ್ಸಿನ ನಡುವೆ ಸೇರುವುದಕ್ಕೂ ಆಗುವುದಿಲ್ಲ. ಅವರಿಗೆ ಇರುವುದು ಮೂರು ವರ್ಷದ ಎಲ್‌ಎಲ್‌ಬಿ.

ಸೇರಲು ಪಿಯುಸಿಯಲ್ಲಿ ಶೇ 45 ಬೇಕು (ಹಿಂದುಳಿದ ವರ್ಗಕ್ಕೆ 42, ಪರಿಶಿಷ್ಟರಿಗೆ 40), ಅದಕ್ಕೆ ತೊಂದರೆಯಿಲ್ಲ. ಹಾಜರಿ ಮಾತ್ರ ಗಟ್ಟಿ ಇರಲಿ: ಪ್ರತಿ ವಿಷಯದಲ್ಲಿ ಶೇ 70. ಒಟ್ಟು ಹಾಜರಿ 70 ಇದ್ದರೆ ಒಂದು ವಿಷಯದಲ್ಲಿ 65ರವರೆಗೆ ವಿನಾಯಿತಿ ಸಿಗಬಹುದು. ಕಾಲೇಜಿಗೆ ಹೆಸರು ಹಚ್ಚಿ ಧಾರವಾಡದಲ್ಲಿ ಕೋಚಿಂಗ್‌ಗೆ ಕೂತವರು ಪರೀಕ್ಷೆ ಕಟ್ಟಲಾಗದೆ ಸೆಮಿಸ್ಟರ್ ಕಳೆದುಕೊಳ್ಳುವುದು ಇದರಿಂದಲೇ.

ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಗೆ ಕನ್ನಡದಲ್ಲಿ ಬರೆಯಬಹುದು, ಇಂಗ್ಲಿಷ್ ಪೇಪರ್ ಬಿಟ್ಟು. ಆದರೆ ತೀರ್ಪುಗಳು ಇಂಗ್ಲಿಷಿನಲ್ಲಿವೆ. ಮೊದಲ ದಿನದಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಯಲ್ಲಿ ಎದುರುಬದುರು ಬರೆದಿಡಲಿ.

ಬಳ್ಳಾರಿಯಿಂದ:
ಹೊರೆಯ ಮಾತಿಗೆ ಬರೋಣ. ರಾಜ್ಯಶಾಸ್ತ್ರ ಮೇಜರ್ (ಮುಖ್ಯ ವಿಷಯ) ಅಂದರೆ ಆರು ಪೇಪರ್. ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಇತಿಹಾಸದಂಥ ಎರಡು ಮೈನರ್‌ಗೆ (ಉಪವಿಷಯಕ್ಕೆ) ಮೂರು ಮೂರು. ಇವು ಆರಂಭದ ವರ್ಷಗಳಲ್ಲೇ ಹೆಚ್ಚು, ಆಮೇಲೆ ಕಾನೂನಿನದೇ ರಾಜ್ಯ. ಪಿಯುಸಿ ಕಲಾ ಓದಿದವನಿಗೆ ಪಠ್ಯ ಭಾರವಾಗದು. ಕಷ್ಟ ಇರುವುದು ಉತ್ತರ ಬರೆಯುವ ರೀತಿಯಲ್ಲಿ. ಎರಡೂ ಕಡೆ ಒಂದೇ ಉತ್ತರ ಬರೆದು ಎರಡೂ ಕಡೆ ಅಂಕ ಕಳೆದುಕೊಳ್ಳುತ್ತಾರೆ.

ರಾಜ್ಯದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರುವ ಸಂವಿಧಾನದ 356ನೇ ವಿಧಿಯನ್ನೇ ತಗೊಳ್ಳಿ. ರಾಜ್ಯಶಾಸ್ತ್ರದ ಪೇಪರ್ ಕೇಳುವುದು: ಕೇಂದ್ರ ಇದನ್ನು ಯಾಕೆ, ಯಾವಾಗ ಬಳಸಿತು, ರಾಜ್ಯಪಾಲರ ಪಾತ್ರ ಏನು, ಒಕ್ಕೂಟ ವ್ಯವಸ್ಥೆಗೆ ಏನಾಯಿತು. ಕಾನೂನಿನ ಪೇಪರಿಗೆ ಅದೇ ಬರೆದರೆ ಪ್ರಬಂಧ ಆಗುತ್ತದೆ, ಉತ್ತರ ಆಗುವುದಿಲ್ಲ. ಅಲ್ಲಿ ವಿಧಿಯ ಮಾತು, ವಿವಾದದ ಪ್ರಶ್ನೆ, ತೀರ್ಪು, ಕಾರಣ, ಈ ಕ್ರಮ ಬೇಕು: 1989ರಲ್ಲಿ ನಮ್ಮದೇ ಬೊಮ್ಮಾಯಿ ಸರ್ಕಾರ ವಜಾ, 1994ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬಹುಮತ ಸದನದಲ್ಲೇ ಸಾಬೀತಾಗಬೇಕು, ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದು, ಸಂಸತ್ತು ಒಪ್ಪುವ ಮೊದಲು ವಿಧಾನಸಭೆ ವಿಸರ್ಜಿಸುವಂತಿಲ್ಲ.

ನಮ್ಮ ಭಾಗದವರಿಗೆ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ 371(ಜೆ) ವಿಧಿಗಿಂತ ಒಳ್ಳೆ ಅಭ್ಯಾಸ ಇಲ್ಲ. ರಾಯಚೂರು, ಕೊಪ್ಪಳ ನಿಜಾಮರ ಹೈದರಾಬಾದಿನಲ್ಲಿದ್ದವು. ಬಳ್ಳಾರಿ ಮದ್ರಾಸಿನಲ್ಲಿದ್ದು 1953ರಲ್ಲಿ ಮೈಸೂರಿಗೆ ಬಂತು. ಮೂರೂ ಒಂದೇ ವಿಧಿಯಡಿ ಹೇಗೆ ಬಂದವು ಎನ್ನುವುದು ರಾಜ್ಯಶಾಸ್ತ್ರ, ಅದಕ್ಕೆ ಪ್ರಾದೇಶಿಕ ಅಸಮಾನತೆ ಕುರಿತ 2002ರ ನಂಜುಂಡಪ್ಪ ವರದಿ ಓದಬೇಕು. ಈ ವಿಧಿಯನ್ನು ತಂದ 98ನೇ ತಿದ್ದುಪಡಿ ಏನು ಅಧಿಕಾರ ಕೊಟ್ಟಿತು, 'ಸ್ಥಳೀಯ ವ್ಯಕ್ತಿ' ಅಂದರೆ ಯಾರು, ಅದು ಸಮಾನತೆಯ 14 ಮತ್ತು ಸರ್ಕಾರಿ ಉದ್ಯೋಗದಲ್ಲಿ ಸಮಾನ ಅವಕಾಶದ 16ನೇ ವಿಧಿಗಳ ಜೊತೆ ಹೇಗೆ ಹೊಂದುತ್ತದೆ ಎನ್ನುವುದು ಕಾನೂನು. ಎರಡೆರಡು ಪುಟದಂತೆ ಎರಡೂ ಉತ್ತರ ಬರೆಯಿಸಿ ನೋಡಿ, ವ್ಯತ್ಯಾಸ ಅವನಿಗೇ ಹೊಳೆಯುತ್ತದೆ.

ಸಿಂಧನೂರಿನಿಂದ:
ಇನ್ನೊಂದು ಮಾತು. ಸೀನಿಯರ್‌ಗಳ ಹಳೇ ನೋಟ್ಸ್ ತಗೊಳ್ಳುವಾಗ ಹುಷಾರ್ರಿ. 2024ರ ಜುಲೈ 1ರಿಂದ ಹಳೇ ಭಾರತೀಯ ದಂಡ ಸಂಹಿತೆಯ (ಐಪಿಸಿ) ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಕೊಲೆಗೆ ಶಿಕ್ಷೆ ಹೇಳುವ ಕಲಂ ಈಗ 302 ಅಲ್ಲ, 103. ದಂಡ ಪ್ರಕ್ರಿಯೆ, ಸಾಕ್ಷ್ಯ ಕಾಯ್ದೆಯ ಸಂಖ್ಯೆಗಳೂ ಬದಲಾಗಿವೆ. ರಾಜ್ಯಶಾಸ್ತ್ರದ ಹಳೇ ಪುಸ್ತಕ ನಡೆಯುತ್ತದೆ, ಅಪರಾಧ ಕಾನೂನಿನದು ನಡೆಯುವುದಿಲ್ಲ.

ಐದು ವರ್ಷದಲ್ಲಿ 20 ವಾರ ಇಂಟರ್ನ್‌ಶಿಪ್ ಕಡ್ಡಾಯ, ಒಂದು ವರ್ಷದಲ್ಲಿ ಸತತ ನಾಲ್ಕು ವಾರ ಮೀರುವಂತಿಲ್ಲ. ಹಾಗಾಗಿ ಕೊನೆಗೆ ಒಟ್ಟಿಗೆ ಮುಗಿಸಲು ಬರುವುದಿಲ್ಲ. ಮೊದಲು ತಾಲೂಕು ಕೋರ್ಟಿನ ವಕೀಲರ ಹತ್ತಿರ ಕೂರಲಿ. ಹೈಕೋರ್ಟ್ ನೋಡಬೇಕೆಂದರೆ ಕೊಪ್ಪಳ, ಬಳ್ಳಾರಿ ಪ್ರಕರಣಗಳು ಧಾರವಾಡ ಪೀಠಕ್ಕೆ, ರಾಯಚೂರಿನವು ಕಲಬುರಗಿ ಪೀಠಕ್ಕೆ ಹೋಗುತ್ತವೆ. ಓದು ಮುಗಿದ ಕೂಡಲೇ ಸಿವಿಲ್ ಜಡ್ಜ್ ಪರೀಕ್ಷೆ ಎಂಬ ಲೆಕ್ಕ ಬೇಡ. 2025ರ ಮೇ ತಿಂಗಳ ಸುಪ್ರೀಂ ಕೋರ್ಟ್ ತೀರ್ಪಿನಿಂದ ಮೂರು ವರ್ಷದ ವಕೀಲಿ ಮತ್ತೆ ಕಡ್ಡಾಯವಾಗಿದೆ.

ಕುಷ್ಟಗಿಯಿಂದ:
ಬಹಳ ಉಪಕಾರ ಆಯ್ತು. ಮೂರು ವರ್ಷ ಆದಮೇಲೆ ಅವನು ದುಡಿಯಬೇಕಾದ ಪ್ರಸಂಗ ಬರಬಹುದು, ಅದೇ ಚಿಂತೆ.

ರಾಯಚೂರಿನಿಂದ:
ಹಾಗಿದ್ದರೆ ಮೂರು ವರ್ಷ ಬಿಎ, ಮತ್ತೆ ಮೂರು ವರ್ಷ ಎಲ್‌ಎಲ್‌ಬಿ, ಅದೇ ಇರಲಿ. ವರ್ಷ ಒಂದು ಹೆಚ್ಚಾದರೂ ಬಿಎ ಕೈಯಲ್ಲಿರುತ್ತದೆ. ರಾಜ್ಯಶಾಸ್ತ್ರ ತಗೊಂಡು ಬಿಎ ಮಾಡಲಿ, ಶೇ 45ಕ್ಕಿಂತ ಕೆಳಗೆ ಇಳಿಯದಿರಲಿ. ಮುಂದೆ ಎಲ್‌ಎಲ್‌ಬಿಗೂ ಪದವಿಯಲ್ಲಿ ಅಷ್ಟೇ ಕೇಳುತ್ತಾರೆ.