ಉದ್ಯಮಿಗಳ ಸಲಹೆಯಿಂದ ನಮ್ಮ ಭಾಗಕ್ಕೆ ಉದ್ಯೋಗ ಬಂದೀತೇ?

ಪ್ರಶ್ನೆ (ಕೊಪ್ಪಳ):
ಅಮೆರಿಕದ ಅಧ್ಯಕ್ಷರಾಗಿದ್ದ ಒಬಾಮಾ ಅವರು 2011ರಲ್ಲಿ, ಜನರಲ್ ಎಲೆಕ್ಟ್ರಿಕ್ ಕಂಪನಿಯ ಜೆಫ್ರಿ ಇಮೆಲ್ಟ್ ಅವರ ನೇತೃತ್ವದಲ್ಲಿ ಉದ್ಯೋಗ ಸೃಷ್ಟಿಗಾಗಿ ಸಲಹಾ ಮಂಡಳಿಯೊಂದನ್ನು ರಚಿಸಿದ್ದರು. ಇಂತಹ ಮಂಡಳಿಗಳಿಂದ ಕಲ್ಯಾಣ ಕರ್ನಾಟಕದಂತಹ ಪ್ರದೇಶಕ್ಕೆ ನಿಜವಾದ ಪ್ರಯೋಜನವಾಗುವುದೇ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ಬಳ್ಳಾರಿ):
ಆ ಮಂಡಳಿಗಿಂತ, ಅದೇ ವರ್ಷ ಡೌ ಕಂಪನಿಯ ಆಂಡ್ರ್ಯೂ ಲಿವರಿಸ್ ಹಾಗೂ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸೂಸನ್ ಹಾಕ್‌ಫೀಲ್ಡ್ ಅವರ ಮುಂದಾಳತ್ವದಲ್ಲಿ ಆರಂಭವಾದ ಸುಧಾರಿತ ತಯಾರಿಕಾ ಸಹಭಾಗಿತ್ವವೇ ನಮಗೆ ಹೆಚ್ಚು ಪಾಠ ಕಲಿಸುತ್ತದೆ. ಕಂಪನಿಗಳು ಮತ್ತು ವಿಶ್ವವಿದ್ಯಾಲಯಗಳು ಒಟ್ಟಾಗಿ ಬಳಸುವ ಸಂಶೋಧನಾ ಕೇಂದ್ರಗಳ ಜಾಲಕ್ಕೆ ಅಲ್ಲಿ ದಾರಿಯಾಯಿತು. ಮೊದಲನೆಯದು 2012ರಲ್ಲಿ, ಉಕ್ಕಿನ ಕಾರ್ಖಾನೆಗಳು ಮುಚ್ಚಿ ಸೊರಗಿದ್ದ ಓಹಾಯೊ ರಾಜ್ಯದ ಯಂಗ್ಸ್‌ಟೌನ್ ನಗರದಲ್ಲಿ ಆರಂಭವಾಯಿತು. ನಮ್ಮ ಜೀನ್ಸ್ ಘಟಕಗಳಿಗೂ ಬೇಕಾಗಿರುವುದು ಅಂತಹುದೇ: ಬಣ್ಣ ಹಾಕಿ ತೊಳೆದ ನೀರನ್ನು ಶುದ್ಧೀಕರಿಸುವ ಸಾಮೂಹಿಕ ಘಟಕ ಮತ್ತು ವಿನ್ಯಾಸ ಕೇಂದ್ರ. ಇವುಗಳನ್ನು ಹತ್ತು ಹೊಲಿಗೆ ಯಂತ್ರದ ಮಾಲೀಕನು ಒಬ್ಬನೇ ಕಟ್ಟಲಾರನು.

ಉತ್ತರ 2 (ರಾಯಚೂರು):
ಒಪ್ಪುತ್ತೇನೆ, ಆದರೆ ಸಲಹೆಗಾರರು ಯಾರು ಎಂಬುದೂ ಮುಖ್ಯ. ತೋರಣಗಲ್ಲಿನಂತಹ ಬೃಹತ್ ಉಕ್ಕಿನ ಸ್ಥಾವರಕ್ಕೆ ಹೂಡುವ ಪ್ರತಿ ಕೋಟಿಗೆ ದೊರೆಯುವ ಕೆಲಸಗಳು ಸಿದ್ಧ ಉಡುಪಿನ ಘಟಕಗಳಿಗಿಂತ ಬಹಳ ಕಡಿಮೆ. ಬಂಡವಾಳದ ಮೊತ್ತವನ್ನೇ ಸಾಧನೆಯೆಂದು ಘೋಷಿಸುವವರು ಇದನ್ನು ಹೇಳುವುದಿಲ್ಲ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿಯ ಮೀಸಲಾತಿಯೂ ಖಾಸಗಿ ಕಾರ್ಖಾನೆಯ ಗೇಟಿನೊಳಗೆ ಬರುವುದಿಲ್ಲ. ಆದ್ದರಿಂದ 1961ರ ಅಪ್ರೆಂಟಿಸ್ ಕಾಯ್ದೆಯಡಿ ಸ್ಥಳೀಯ ಐಟಿಐ ವಿದ್ಯಾರ್ಥಿಗಳಿಗೆ ಎಷ್ಟು ತರಬೇತಿ ಕೊಡುತ್ತೀರಿ ಎಂದು ನಮ್ಮಲ್ಲಿ ಇಂತಹ ಮಂಡಳಿಯ ಸದಸ್ಯರಾಗುವ ಉದ್ಯಮಿಗಳನ್ನೇ ಮೊದಲು ಕೇಳಬೇಕು.